ಲ್ಯಾಬಿಗೆ ಒಯ್ಯುವ ಮುನ್ನ

"ಈ ಡಬ್ಬ ಲ್ಯಾಬಲ್ಲಿ ಪಾಸಾಗೋದು ಈ ಜನ್ಮದಲ್ಲಿಲ್ಲ" ಎಂದವರು ನಮ್ಮ ಮಾಲೀಕರೇ. ಹಲಸೂರಿನ ಸಣ್ಣ ಶೆಡ್ಡಿನಲ್ಲಿ ನಾವು ಆಸ್ಪತ್ರೆಗಳಿಗೆ ಯುಪಿಎಸ್ ಡಬ್ಬ ಮಾಡುತ್ತಿದ್ದೆವು. ಹೊರಗಿನ ಲ್ಯಾಬಿನ ಸರ್ಟಿಫಿಕೇಟ್ ಸಿಗದಿದ್ದರೆ ಆರ್ಡರೂ ಇಲ್ಲ, ಶೆಡ್ಡೂ ಇಲ್ಲ. ನಮ್ಮ ಮನೆತನದಲ್ಲೇ ಮೊದಲ ಪದವಿ ನನ್ನದು. ಆದರೂ ಪಕ್ಕದ ಯಂತ್ರಗಳಿಗೆ ತೊಂದರೆ ಕೊಟ್ಟು ಲ್ಯಾಬಲ್ಲಿ ಫೇಲು ಮಾಡಿಸುವ ಡಬ್ಬದ ವಿದ್ಯುತ್ ಗದ್ದಲ ಎಲ್ಲಿಂದ ಬರುತ್ತದೆಂದು ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ನಮ್ಮ ವೈರಿಂಗ್ ಮೇಸ್ತ್ರಿಗೆ. ವಿಮಾನಪುರದ ವಿಮಾನ ಕಾರ್ಖಾನೆಯಿಂದ ನಿವೃತ್ತರಾಗಿ ಬಂದವರು. ಮಧ್ಯಾಹ್ನದ ಮಂಪರಿನಲ್ಲಿ ಕಣ್ಣು ಮುಚ್ಚಿ, ಸಣ್ಣ ರೇಡಿಯೋವೊಂದನ್ನು ಡಬ್ಬದ ಸುತ್ತ ಮಗುವಿನಂತೆ ತೂಗುತ್ತಿದ್ದರು. "ಮೊದ್ಲು ಕೇಳಿಸ್ಕೊಳ್ರೀ, ಎಂಜಿನಿಯರ್ರೇ" ಎನ್ನುವುದು ಅವರ ಮಾತು. ಡಬ್ಬದ ಗದ್ದಲಕ್ಕೆ ಹಾಡು ಮುಚ್ಚಿಹೋಗಿ ರೇಡಿಯೋ ದೂರದ ಮಳೆಯಂತೆ ಸುರಿಯುತ್ತಿತ್ತು. ಒಂದು ಕಡೆ ಮಾತ್ರ ಕರಕರ ಎಂದು ಕಿರುಚಿತು: ವಿಮಾನದ ವೈರುಗಳಂತೆ ಅವರೇ ಒಟ್ಟಿಗೆ ಬಿಗಿದು ಹೆಣೆದಿದ್ದ ಅಂದದ ಕಟ್ಟಿನ ಮೇಲೆ.

"ಚೆಂದ ಮಾಡಕ್ಕೋಗಿ ನಾನೇ ಕೆಡಿಸ್ಬಿಟ್ಟೆ ಕಣ್ರೀ" ಎಂದು ನಗುತ್ತಾ ಒಂದೊಂದೇ ಗಂಟು ಬಿಚ್ಚಿ, ಒಂದರ ಗದ್ದಲ ಇನ್ನೊಂದಕ್ಕೆ ಹತ್ತದಂತೆ ವೈರುಗಳನ್ನು ದೂರದೂರ ಹಾಯಿಸಿದರು. ರೇಡಿಯೋದಲ್ಲಿ ಹಾಡು ತೇಲಿ ಬಂತು.

ಡಬ್ಬ ಪಾಸಾಯಿತು. ಸರ್ಟಿಫಿಕೇಟನ್ನು ಅವರ ಮನೆಗೇ ಒಯ್ದು ಕೈಗಿಟ್ಟೆ. ಅವರ ಹೆಂಡತಿ ಬೆರಳಿಟ್ಟು ಮೇಲಿಂದ ಕೆಳಗಿನವರೆಗೆ ಓದಿ ಕೇಳಿದರು:

"ಮಾಲೀಕರ ಹೆಸ್ರಿದೆ, ನಿನ್ನ ಹೆಸ್ರಿದೆ. ಇವರ್ದು ಎಲ್ಲಪ್ಪಾ?"