ಒಂಬತ್ತು ಬಿದ್ದಾವರೀ

2023ರಲ್ಲಿ ನಾನು ಕಲಬುರಗಿಯ ಜೇವರ್ಗಿ ಕಾಲೋನಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಪ್ರಯೋಗಾಲಯದ ಮುಖ್ಯಸ್ಥ. ಈ ಪ್ರಕರಣವನ್ನು ಕಿರಿಯರಿಗೆ ಹೇಳುವಾಗಲೆಲ್ಲ ‘ನನಗೆ ಅನುಮಾನ ಬಂತು’ ಎಂದು ಶುರುಮಾಡುತ್ತಿದ್ದೆ. ಸುಳ್ಳು. ಯಾವ ಅನುಮಾನವೂ ಬಂದಿರಲಿಲ್ಲ.

ಕಮಲಾಪುರದ ಶಬಾನಾ, ಚೊಚ್ಚಲ ಬಸುರಿ, ತಲೆನೋವೆಂದು ಬಂದಿದ್ದಳು. ರಕ್ತದೊತ್ತಡ 138/88. ಒತ್ತಡ ಏರಿ ತಾಯಿಗೆ ಫಿಟ್ಸ್ ಬರಿಸಬಲ್ಲ ಪ್ರಿ-ಎಕ್ಲಾಂಪ್ಸಿಯಾ ಇರಬಹುದೇ ಎಂದು ಡಾ. ವೈಜಯಂತಿ ರಕ್ತಪರೀಕ್ಷೆ ಬರೆದರು. ಅದು ಎರಡು ಪ್ರೋಟೀನ್‌ಗಳನ್ನು ಅಳೆಯುತ್ತದೆ: ಮಾಸಿನ ರಕ್ತನಾಳ ಬೆಳೆಸುವ ಪಿಎಲ್‌ಜಿಎಫ್, ಅದನ್ನು ಕಟ್ಟಿಹಾಕುವ ಎಸ್‌-ಫ್ಲಿಟ್-1. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಬೇಕು. ಬಸಿರಿನ 34 ವಾರದೊಳಗೆ ಉತ್ತರ 85 ದಾಟಿದರೆ ಕಾಯಿಲೆ ಬಹುತೇಕ ಖಚಿತ. ಆಮೇಲಾದರೆ 110 ದಾಟಬೇಕು.

ಅರ್ಜಿಯಲ್ಲಿ ವಾರದ ಕಾಲಂ ಖಾಲಿ ಇತ್ತು. ಸ್ಕ್ಯಾನ್ ಚೀಟಿ ಕುಸನೂರಿನ ತವರಿನಲ್ಲಿ ಉಳಿದಿತ್ತು. ಅತ್ತೆ ಖೈರುನ್‌ಬಿಯನ್ನು ಕೇಳಿದೆ.

“ಒಂಬತ್ತು ಬಿದ್ದಾವರೀ.”

ಒಂಬತ್ತು ನಾಲ್ಕಲೆ ಮೂವತ್ತಾರು. 36 ಎಂದು ಬರೆದೆ. ಅನುಪಾತ 97 ಬಂತು. ‘ಖಚಿತವಲ್ಲ’ ಎಂದು ಸಹಿ ಹಾಕಿದೆ. ಆಪರೇಷನ್ ಥಿಯೇಟರಿನಲ್ಲಿದ್ದ ವೈಜಯಂತಿ ಫೋನಿನಲ್ಲೇ ಕೇಳಿ, ವಾರ ಬಿಟ್ಟು ಬರಲಿ ಎಂದರು.

ಹೊರಡುವಾಗ ಖೈರುನ್‌ಬಿ ಕೌಂಟರಿನ ಮೇಲೆ ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟಳು. ನಾನು ನಗೆಯಾಡಿದೆ: “ಹದಿನೈದು ದಿನದಾಗ ಕೂಸು ಹುಟ್ಟಿದ ಪೇಢೆ ತರ್ತಿರಲ್ಲ, ಇದ್ಯಾಕ?”

“ಹಾಯ್ ಅಲ್ಲಾ! ಇಷ್ಟು ಓದೀರಿ, ಎಣಸಾಕ ಬರಾಂಗಿಲ್ಲೇನ್ ಸಾಬ್? ಎಂಟು ಚಾಂದ್ ಮೊನ್ನೆ ತುಂಬ್ಯಾವ. ಪೇಢೆಗೆ ಇನ್ನ ದೀಡ್ ತಿಂಗಳ ಅದ.”

ಚಾಂದ್ ಎಂದರೆ ತಿಂಗಳು, ದೀಡ್ ಎಂದರೆ ಒಂದೂವರೆ. ಒಂಬತ್ತು ಬಿದ್ದಾವ ಎಂದರೆ ಒಂಬತ್ತನೆಯದು ಶುರುವಾಗಿದೆ, ತುಂಬಿಲ್ಲ. ಬ್ರಹ್ಮಪುರದ ನಮ್ಮ ಮನೆಯಲ್ಲೂ ಹೀಗೆಯೇ ಎಣಿಸುತ್ತಾರೆ. ಕೌಂಟರಿನ ಈಚೆ ನಿಂತವನಿಗೆ ಅದು ಕೇಳಿಸಲಿಲ್ಲ.

“ನಿಲ್ರಿ, ಹೋಗಬ್ಯಾಡ್ರಿ!” ಕೂಗಿದೆನೋ, ಓಡಿ ಕೈ ಅಡ್ಡ ಹಿಡಿದೆನೋ. ನೆನಪು ದಿನಕ್ಕೊಂದು ಹೇಳುತ್ತದೆ. ಕುಸನೂರಿನಿಂದ ಮೊಬೈಲಿಗೆ ಚೀಟಿಯ ಫೋಟೊ ಬಂತು. ಅದರ ಲೆಕ್ಕದಲ್ಲಿ ಅಂದಿಗೆ 33 ವಾರ, ಐದು ದಿನ. ಅದೇ 97ಕ್ಕೆ ಈಗ ಬೇರೆ ಅರ್ಥ: 85 ದಾಟಿದೆ. ವರದಿ ಹೊಡೆದುಹಾಕಿ ಹೊಸದು ಬರೆದೆ. ಶಬಾನಾ ದಾಖಲಾದಳು, ಕೂಸಿನ ಶ್ವಾಸಕೋಶ ಬಲಿಯಲೆಂದು ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನ ಒತ್ತಡ 170/112ಕ್ಕೆ ಜಿಗಿಯಿತು, ಕಣ್ಣು ಮಂಜಾಯಿತು. ಸಿಸೇರಿಯನ್. 1.7 ಕಿಲೋ ಹೆಣ್ಣುಕೂಸು, ತಕ್ಷಣ ಅತ್ತಿತು. ಆಗ ಅವರು ಕಮಲಾಪುರದಲ್ಲಿದ್ದಿದ್ದರೆ? ಆ ವಾಕ್ಯವನ್ನು ಇಂದಿಗೂ ಮುಗಿಸಲಾರೆ.

ದೀಡ್ ತಿಂಗಳಿಗೆ ಸರಿಯಾಗಿ ಖೈರುನ್‌ಬಿ ಪೇಢೆ ತಂದಳು. “ಕೂಸು ಗಡಬಡಿ ಮಾಡ್ತು, ನನ್ನ ಲೆಕ್ಕ ತಪ್ಪಿಲ್ಲ ಸಾಬ್.”

ನನ್ನದು ತಪ್ಪಿತ್ತು. ಯಂತ್ರ ಕೊಟ್ಟ 97 ಮೊದಲಿನಿಂದಲೂ ಸರಿಯೇ ಇತ್ತು. ಈಗ ಯಾರೇ ಬಸುರಿ ಬಂದರೂ, ಸೂಜಿ ಚುಚ್ಚುವ ಮೊದಲು, ಚೀಟಿ ಕೈಯಲ್ಲಿದ್ದರೂ ಕೇಳುತ್ತೇನೆ: “ತುಂಬ್ಯಾವೋ, ಬಿದ್ದಾವೋ?”