ಗೊತ್ತು ಎಂದು ತಲೆಯಾಡಿಸಿದ ದಿನ

2023ರ ಅಕ್ಟೋಬರ್. ಮಗಳ ಶಾಲೆಗೆ ಹಾಫ್ ಟರ್ಮ್ ಎಂಬ ಒಂದು ವಾರದ ನಡು ರಜೆ ಇತ್ತು. ನಾವು ಲಂಡನ್ನಿನ ಹೇಸ್‌ನ ಬಾಡಿಗೆ ಮನೆಗೆ ಬಂದು ಆಗ ಮೂರು ವರ್ಷ. ನಮ್ಮ ಊರು ಕುಂದಾಪುರದ ಹತ್ತಿರ. ನಮ್ಮ ಯಜಮಾನರು ಸಸ್ಯಾಹಾರಿ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಾರೆ, ನಾನು ಒಂದು ಗೋದಾಮಿನ ಆಫೀಸಿನಲ್ಲಿದ್ದೇನೆ. ಜೊತೆಗೆ ಅತ್ತೆ ಇದ್ದಾರೆ, ಹತ್ತು ವರ್ಷದ ಅನಘಾ ಇದ್ದಾಳೆ.

ಅನಘಾಗೆ ಎರಡು ವರ್ಷದಿಂದ ಒಂದೇ ಹಟ, ಮನೆಯಲ್ಲಿ ಒಂದು ಪ್ರಾಣಿ ಬೇಕು. ಅವಳಿಗೆ ಉಬ್ಬಸ ಇರುವುದರಿಂದ ಕೂದಲಿರುವ ಪ್ರಾಣಿ ಬೇಡವೇ ಬೇಡ ಎಂದು ನಮ್ಮ ಜಿಪಿ ಡಾಕ್ಟರು ಹೇಳಿದ್ದರು. ಹಾಗಾಗಿ ನಾಯಿಯೂ ಇಲ್ಲ, ಬೆಕ್ಕೂ ಇಲ್ಲ. ಕೊನೆಗೆ ಅವಳೇ ಹುಡುಕಿ, ಹಲ್ಲಿಗೆ ಕೂದಲಿಲ್ಲವಲ್ಲ ಎಂದಳು! ಊರಲ್ಲಿ ಗೋಡೆಯ ಮೇಲಿದ್ದ ಹಲ್ಲಿಯನ್ನು ಪೊರಕೆಯಲ್ಲಿ ಓಡಿಸುತ್ತಿದ್ದ ನಾನು ಇಲ್ಲಿ ದುಡ್ಡು ಕೊಟ್ಟು ಹಲ್ಲಿ ತರಬೇಕೇ ಎಂದು ನಗು ಬಂತು. ಆದರೆ ಶಾಲೆಯಿಂದ ಬಂದು ಒಬ್ಬಳೇ ಕಿಟಕಿ ಹತ್ತಿರ ಕೂರುವ ಮಗುವನ್ನು ನೋಡಿ ಒಪ್ಪಿಕೊಂಡೆ.

ತಕರಾರು ಬಂದದ್ದು ಅತ್ತೆಯಿಂದ. ಈ ಪ್ರಾಣಿಗಳಿಗೆ ಇಲ್ಲಿ ಜೀವಂತ ಹುಳ ಹಾಕುತ್ತಾರೆ, ಹಾವಿಗಾದರೆ ಸತ್ತ ಇಲಿಯನ್ನು ಫ್ರೀಜರ್‌ನಲ್ಲಿ ಇಡುತ್ತಾರೆ ಎಂದು ಅನಘಾ ಬಾಯಿಬಿಟ್ಟಿದ್ದಳು. ಅತ್ತೆ ದೇವರ ಮುಂದಿನಿಂದ ಎದ್ದು ಬಂದು, "ಜೀವ ತಿಂಬುದ್ ಎಂತದೂ ಈ ಮನೆಯೊಳ್ಗೆ ಬಪ್ಪುಕಾಗ ಕಾಣ್" ಎಂದುಬಿಟ್ಟರು. ಅಲ್ಲಿಗೆ ನಮ್ಮ ಹುಡುಕಾಟವೆಲ್ಲ ಸೊಪ್ಪು ತಿನ್ನುವ ಹಲ್ಲಿಗಾಗಿ ಎಂದಾಯಿತು. ಅಂಥದ್ದೊಂದು ಇದೆಯಂತೆ. ಮರಳುಗಾಡಿನದು, ಗಿಡ್ಡ ಮೈ, ಬಾಲದ ತುಂಬ ಮುಳ್ಳು, ಸೊಪ್ಪು ಮತ್ತು ಕಾಳು ತಿಂದು ಬದುಕುತ್ತದೆ. ಕ್ರೋಯ್ಡನ್‌ನಲ್ಲಿ ಒಬ್ಬರು ಮಾರಾಟಕ್ಕಿಟ್ಟಿದ್ದರು. ಜಾಹೀರಾತಿನಲ್ಲಿ ಅರ್ಥವಾಗದ ಮೂರ್ನಾಲ್ಕು ಬಿಡಿ ಇಂಗ್ಲಿಷ್ ಅಕ್ಷರಗಳೂ ಇದ್ದವು. ನನ್ನ ಕಣ್ಣಿಗೆ ಬಿದ್ದದ್ದು "ಪೂರ್ತಿ ವೆಜ್" ಎಂಬುದೊಂದೇ.

ಎರಡು ರೈಲು ಬದಲಿಸಿ ನಾನೂ ಅನಘಾಳೂ ಹೋದೆವು. ಮಾರುವವರು ಐವತ್ತರ ಆಸುಪಾಸಿನವರು, ಸೌಮ್ಯ ಮನುಷ್ಯ. ಫ್ಲ್ಯಾಟಿನ ಒಂದು ಕೋಣೆಯ ತುಂಬ ಗಾಜಿನ ಪೆಟ್ಟಿಗೆಗಳು. ಹಲ್ಲಿ ದೀಪದ ಕೆಳಗೆ ಕಲ್ಲಿನ ಮೇಲೆ ಮಲಗಿತ್ತು, ಬಿಸ್ಕತ್ತಿನ ಬಣ್ಣ. ಅನಘಾ ಅಲ್ಲೇ ಅದಕ್ಕೆ ಬಿಸ್ಕಿಟ್ ಎಂದು ಹೆಸರಿಟ್ಟಳು.

ನಾನು ಪ್ರಶ್ನೆಗಳ ಪಟ್ಟಿಯನ್ನೇ ಮಾಡಿಕೊಂಡು ಹೋಗಿದ್ದೆ. ಹುಳ ಕೊಡಲೇಬೇಕೇ? ಮೊಟ್ಟೆ? ಇಲ್ಲಿಯವರೆಗೆ ಮಾಂಸ ಹಾಕಿದ್ದೀರಾ? ಬೇಳೆ ನೆನೆಸಿ ಕೊಡಬಹುದೇ? ಆತ ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿದರು. ಆಮೇಲೆ ಅವರಾಗಿಯೇ, "ಇದು ಎಲ್‌ಟಿಸಿ. ಅಂದರೆ ಏನೆಂದು ನಿಮಗೆ ಗೊತ್ತಲ್ಲ?" ಎಂದು ಕೇಳಿದರು.

ನಾನು "ಯೆಸ್ ಯೆಸ್, ಗೊತ್ತು" ಎಂದು ತಲೆಯಾಡಿಸಿದೆ.

ನನಗೆ ಗೊತ್ತಿರಲಿಲ್ಲ. ಈ ದೇಶಕ್ಕೆ ಬಂದ ಮೊದಲ ವರ್ಷ ಕೌನ್ಸಿಲ್‌ನಲ್ಲಿ, ಬ್ಯಾಂಕಿನಲ್ಲಿ, ಶಾಲೆಯಲ್ಲಿ ಎಲ್ಲ ಕಡೆ ಎರಡೆರಡು ಸಲ ಕೇಳಿ ಕೇಳಿ ನಾಚಿಕೆಯಾಗಿತ್ತು. ಅಲ್ಲಿಂದ ಮುಂದೆ ಯಾರು ಏನು ಕೇಳಿದರೂ ಮೊದಲು ಯೆಸ್ ಎನ್ನುವುದು, ಮನೆಗೆ ಬಂದು ಅರ್ಥ ಹುಡುಕುವುದು ಅಭ್ಯಾಸವಾಯಿತು. ಅವತ್ತು ಮನೆಗೆ ಬಂದ ಮೇಲೂ ಹುಡುಕಲಿಲ್ಲ. ಬಹಳ ದಿನದಿಂದ ಮನೆಯಲ್ಲಿ ಸಾಕಿದ್ದು ಎಂದೇನೋ ಇರಬೇಕು, ಒಳ್ಳೆಯದೇ ಆಯಿತು ಎಂದುಕೊಂಡೆ. ರೈಲಿನಲ್ಲಿ ಅನಘಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಜಾಕೆಟ್ ಬಿಚ್ಚಿ ಅದಕ್ಕೆ ಸುತ್ತಿದ್ದಳು.

ಮೊದಲ ಎರಡು ವಾರ ಮನೆಯಲ್ಲಿ ಹಬ್ಬ. ಶಾಖದ ದೀಪ ಹಾಕಿದೆವು, ಮರಳು ತಂದೆವು. ಬೇಡವೆಂದಿದ್ದ ಅತ್ತೆಯೇ ಹೆಸರುಕಾಳು ನೆನೆಸಿಡುತ್ತಿದ್ದರು, ಸೊಪ್ಪನ್ನು ಸಣ್ಣಗೆ ಹೆಚ್ಚುತ್ತಿದ್ದರು. ಆಮೇಲೆ ಬಿಸ್ಕಿಟ್ ತಿನ್ನುವುದು ಕಡಿಮೆಯಾಯಿತು. ದಿನವಿಡೀ ಗಾಜಿಗೆ ಮೂತಿ ಉಜ್ಜುತ್ತಿತ್ತು. "ಇವತ್ ಏಕಾದಶಿ ಅಲ್ದಾ, ಅದಕ್ಕೂ ಗೊತ್ತಾಯ್ತ್ ಕಾಣತ್ತ್" ಎಂದು ಅತ್ತೆ ತಮಾಷೆ ಮಾಡಿದರು, ನಾವೂ ನಕ್ಕೆವು. ಚಳಿಗಾಲದಲ್ಲಿ ಇವು ಕಡಿಮೆ ತಿನ್ನುತ್ತವೆ ಎಂದು ನಾನು ಎಲ್ಲೋ ಓದಿದೆ. ಹೊಸ ಜಾಗ, ಹೊಂದಿಕೊಳ್ಳುತ್ತೆ ಬಿಡು ಎಂದು ಯಜಮಾನರು ಹೇಳಿದರು. ಡಿಸೆಂಬರ್ ಹೊತ್ತಿಗೆ ಅದರ ಪಕ್ಕೆ ಒಳಗೆ ಹೋಗಿತ್ತು. ಭೇದಿ ಶುರುವಾಯಿತು. ಒಂದು ಬೆಳಿಗ್ಗೆ ಅನಘಾ ಅಡುಗೆಮನೆಗೆ ಬಂದು, "ಅಮ್ಮಾ, ಹೀ ವೋಂಟ್ ಓಪನ್ ಹಿಸ್ ಐಸ್" ಎಂದಳು. ಹೋಗಿ ನೋಡಿದರೆ ಬಿಸ್ಕಿಟ್ ಕಣ್ಣೇ ತೆರೆಯುತ್ತಿರಲಿಲ್ಲ.

ಗ್ರೀನ್‌ಫರ್ಡ್ ಕಡೆ ಇಂಥ ಪ್ರಾಣಿಗಳನ್ನು ನೋಡುವ ಡಾಕ್ಟರೊಬ್ಬರಿದ್ದರು. ಆ ಹೆಂಗಸು ಬಿಸ್ಕಿಟ್‌ನನ್ನು ತಿರುಗಿಸಿ ನೋಡಿ, ಭೇದಿಯನ್ನು ಪರೀಕ್ಷೆ ಮಾಡಿ ಬಂದು, "ಇದು ಎಲ್ಲಿ ಹುಟ್ಟಿದ್ದು?" ಎಂದು ಕೇಳಿದರು. ನಾನು ಎಲ್‌ಟಿಸಿ ಎಂದೆ, ದೊಡ್ಡ ತಿಳಿವಳಿಕೆಯವಳ ಹಾಗೆ. ಅವರು ನಿಟ್ಟುಸಿರುಬಿಟ್ಟರು. ಹಾಗೆಂದರೆ ಲಾಂಗ್ ಟರ್ಮ್ ಕ್ಯಾಪ್ಟಿವ್, ಮನೆಯಲ್ಲಿ ಹುಟ್ಟಿದ್ದಲ್ಲವಂತೆ. ಕಾಡಿನಲ್ಲೋ ಮರಳುಗಾಡಿನಲ್ಲೋ ಹಿಡಿದು ತಂದು, ಕೆಲವು ಕಾಲ ಪೆಟ್ಟಿಗೆಯಲ್ಲಿ ಇಟ್ಟುಕೊಂಡದ್ದು. ಆ ಕಾಲ ಎಷ್ಟು ಎಂಬುದಕ್ಕೆ ಲೆಕ್ಕವಿಲ್ಲ, ಕೆಲವು ಮಾರಾಟಗಾರರಿಗೆ ನಾಲ್ಕು ತಿಂಗಳೂ ಬಹಳವೇ. ಹಿಡಿದು ತಂದವುಗಳ ಹೊಟ್ಟೆಯಲ್ಲಿ ಹುಳ ಇರುವುದು ಸಾಮಾನ್ಯ. ಸ್ವಂತ ಜಾಗದಲ್ಲಿ ಹೇಗೋ ತಡೆದುಕೊಳ್ಳುತ್ತವೆ, ಪೆಟ್ಟಿಗೆಯಲ್ಲಿ ಕುಗ್ಗಿದಾಗ ಆ ಹುಳ ಮೇಲುಗೈ ಪಡೆಯುತ್ತದೆ. "ತಂದ ಮೊದಲ ವಾರವೇ ಪರೀಕ್ಷೆ ಮಾಡಿಸಿದ್ದರೆ ಔಷಧಿ ಕೊಡಬಹುದಿತ್ತು. ಮಾರಿದವರು ನಿಮಗೆ ಹೇಳಲಿಲ್ಲವೇ?" ಎಂದರು.

"ಇಲ್ಲ, ಏನೂ ಹೇಳಲಿಲ್ಲ" ಎಂದೆ.

ಪಕ್ಕದಲ್ಲಿದ್ದ ಅನಘಾ ನನ್ನ ಮುಖ ನೋಡಿದಳು. ಅವಳು ಸಿಟ್ಟು ಮಾಡಲಿಲ್ಲ, ಅಳಲೂ ಇಲ್ಲ. ಮೆಲ್ಲಗೆ, "ಹೀ ಡಿಡ್, ಅಮ್ಮಾ. ಹೀ ಆಸ್ಕ್ಡ್ ಯೂ. ಯೂ ಸೆಡ್ ಯೆಸ್" ಎಂದಳು. ಡಾಕ್ಟರ್ ಕಂಪ್ಯೂಟರಿನ ಕಡೆಗೆ ತಿರುಗಿಕೊಂಡರು. ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ.

ಔಷಧಿ ಕೊಟ್ಟರು. ಹನಿ ಹನಿಯಾಗಿ ಬಾಯಿಗೆ ಬಿಟ್ಟೆವು. ನಾಲ್ಕನೆಯ ದಿನ ಮಧ್ಯಾಹ್ನ ಬಿಸ್ಕಿಟ್ ಸತ್ತಿತು, ಅನಘಾ ಶಾಲೆಯಲ್ಲಿದ್ದಾಗ. ಅವಳು ಬಂದ ಮೇಲೆ ಹಿತ್ತಲಿನ ಬೇಲಿಯ ಬುಡದಲ್ಲಿ ಗುಂಡಿ ತೆಗೆದೆವು. ಮಣ್ಣು ತಣ್ಣಗೆ, ಕೆಸರು ಕೆಸರಾಗಿತ್ತು. ಬಿಸಿ ಮರಳಿನ ಜೀವವನ್ನು ಅದರೊಳಗೆ ಇಡಲು ಮನಸ್ಸೇ ಬರಲಿಲ್ಲ. ಅತ್ತೆ ಒಂದು ಲೋಟ ನೀರು ತಂದು ಮೇಲೆ ಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಅದರ್ ಊರ್ ಯಾವ್ದ್ ಅಂದ್ ಕೇಂಡ್ಯಾ?" ಎಂದರು.

ನಮ್ಮ ಕಡೆಯವರು ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಬಿಡದೆ ಊರು ಯಾವುದು, ಯಾರ ಮನೆ ಎಂದು ಕೇಳುವವರು. ಲಂಡನ್ನಿಗೆ ಬಂದರೂ ಆ ಚಟ ಬಿಟ್ಟಿಲ್ಲ. ಆ ಪ್ರಾಣಿಯ ವಿಷಯದಲ್ಲಿ ಮಾತ್ರ ನಾನು ಕೇಳಿದ್ದೆಲ್ಲ ನಮ್ಮ ಅಡುಗೆಮನೆಯ ಮಡಿಯ ಪ್ರಶ್ನೆಗಳು. ಅದು ಎಲ್ಲಿಂದ ಬಂತು, ಯಾರು ಹಿಡಿದರು ಎಂದು ಒಂದು ಮಾತು ಕೇಳಲಿಲ್ಲ. ಆ ಮನುಷ್ಯ ಮೋಸ ಮಾಡಿದ ಎಂದು ಬೈದುಕೊಳ್ಳಲೂ ನನಗೆ ದಾರಿಯಿಲ್ಲ. ಆತ ಹೇಳಿದ್ದರು, ನಾನು ತಿಳಿದುಕೊಳ್ಳಲಿಲ್ಲ. ಡಾಕ್ಟರ ಮುಂದೆ ಸುಳ್ಳು ಹೇಳಿದ್ದಂತೂ ಅದಕ್ಕಿಂತ ದೊಡ್ಡ ತಪ್ಪು.

ಈಗ ತಿಳಿಯದ್ದನ್ನು ತಿಳಿಯದು ಎಂದು ಹೇಳುವುದನ್ನು ಕಲಿತಿದ್ದೇನೆ. ಹಿಂದೆ ಕ್ಯೂ ಬೆಳೆದರೂ ಬೆಳೆಯಲಿ ಎಂದು ಎರಡು ಸಲ, ಮೂರು ಸಲ ಕೇಳುತ್ತೇನೆ. ಇದನ್ನು ಅನಘಾಗೂ ಹೇಳಿ ಕ್ಷಮೆ ಕೇಳಿದ್ದೇನೆ. "ಇಟ್ಸ್ ಓಕೆ, ಅಮ್ಮಾ" ಎಂದಳು. ಮೊದಲೆಲ್ಲ ಆಕಾಶ ಯಾಕೆ ನೀಲಿ ಎಂಬುದರಿಂದ ಹಿಡಿದು ಪ್ರತಿಯೊಂದನ್ನೂ ನನ್ನ ಬಳಿ ಕೇಳುತ್ತಿದ್ದ ಹುಡುಗಿ. ಈಗಲೂ ಒಮ್ಮೊಮ್ಮೆ ಕೇಳುತ್ತಾಳೆ. ನಾನು ಉತ್ತರ ಹೇಳಿದ ಮೇಲೆ ಕೋಣೆಗೆ ಹೋಗಿ ಫೋನಿನಲ್ಲಿ ಅದು ಸರಿಯೇ ಎಂದು ನೋಡುತ್ತಾಳೆ. ನನಗೆ ಗೊತ್ತಾಗಬಾರದೆಂದು ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿಕೊಳ್ಳುತ್ತಾಳೆ.