ಕಣದಲ್ಲಿ ಅಕ್ಷರ ಎಳೆಸಿದ ಮೇಷ್ಟ್ರು

ಮೊನ್ನೆ ಚಿಕ್ಕಮಗಳೂರಿನ ಪೇಟೆಯಲ್ಲಿ ಮೊಮ್ಮಗಳಿಗೆ ಒಂದು ಸ್ಲೇಟು ಕೊಂಡೆ. ಅಂಗಡಿಯವನು ಮೂರು ರೂಪಾಯಿ ಎಂದ, ನಾನು ಎರಡಕ್ಕೆ ತಂದೆ. ಚೌಕಟ್ಟಿನ ಒಂದು ಮೂಲೆ ಸ್ವಲ್ಪ ಬಿಟ್ಟುಕೊಂಡಿತ್ತು. ಅದನ್ನು ಕೈಗೆ ತೆಗೆದುಕೊಂಡ ತಕ್ಷಣವೇ ನೋಡಿದ್ದೆ, ಆದರೆ ಅವನ ಬಾಯಿಂದ ಬೆಲೆ ಬರುವವರೆಗೆ ತುಟಿ ಬಿಚ್ಚಲಿಲ್ಲ. ದೋಷವನ್ನು ಮೊದಲೇ ತೋರಿಸಿದರೆ ಅಂಗಡಿಯವನು ಬೇರೆ ಸ್ಲೇಟು ತೆಗೆದುಕೊಡುತ್ತಾನೆ, ಬೆಲೆ ಮಾತ್ರ ಹಾಗೇ ನಿಲ್ಲುತ್ತದೆ. ಮೂಲೆಗೆ ಒಂದು ಮೊಳೆ ಹೊಡೆಯುವ ಕೆಲಸಕ್ಕೆ ಒಂದು ರೂಪಾಯಿ ಉಳಿಯಿತು.

ಮನೆಗೆ ಬಂದು ಒದ್ದೆ ಬಟ್ಟೆಯಲ್ಲಿ ಅದನ್ನು ಒರೆಸಿದೆ ನೋಡಿ, ಹಸಿ ಕಲ್ಲಿನ ಒಂದು ವಾಸನೆ ಎದ್ದಿತು. ಮೊಳೆ ಸುತ್ತಿಗೆ ಹಾಗೇ ಕೈಯಲ್ಲಿ ಉಳಿದವು. ಆ ವಾಸನೆಯನ್ನು ನಾನು ಮೊದಲು ಮೂಸಿದ್ದು ನಮ್ಮ ಊರಿನ ಶಾಲೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದ ದಿನ. ಆಗ ನನಗೆ ಇಪ್ಪತ್ತು ದಾಟಿತ್ತು. ಶಾಲೆಗೆ ಹೋದವನಲ್ಲ. ಮಲ್ಲಂದೂರಿನ ಹತ್ತಿರದ ಒಂದು ಎಸ್ಟೇಟಿನಲ್ಲಿ ಕಾಫಿ ಒಣಗಿಸುವ ಕಣದ ಮೇಸ್ತ್ರಿಯಾಗಿದ್ದೆ. ಮಹಾರಾಜರ ಕಾಲ. ಸರ್ಕಾರ ನಮ್ಮೂರಿಗೆ ಒಂದು ಶಾಲೆ ಕೊಟ್ಟಿತ್ತು, ಆದರೆ ಪೂರ್ತಿ ಕೊಟ್ಟಿರಲಿಲ್ಲ. ನಮ್ಮ ಸಂತೆಯಲ್ಲಿ ಎಮ್ಮೆಯ ಹಾಲನ್ನು ಮೊದಲು ಕರೆದು ನೋಡಿ ಆಮೇಲೆ ಕೊಳ್ಳುವುದಿಲ್ಲವೇ, ಹಾಗೆ. ಇನ್ಸ್‌ಪೆಕ್ಟರ್ ಬಂದು ನೋಡಬೇಕು, ಮಕ್ಕಳು ಓದಿ ಬರೆಯಬೇಕು, ಆಮೇಲೆ ಶಾಲೆ ಖಾಯಂ. ಇಲ್ಲದಿದ್ದರೆ ಅದನ್ನು ಬೇರೆ ಊರಿಗೆ ಎತ್ತಿ ಹಾಕುವವರಿದ್ದರು.

ಆ ಶಾಲೆಗೆ ಬಂದವರು ನಮ್ಮ ಮೇಷ್ಟ್ರು. ತುಮಕೂರು ಕಡೆಯ ಬಯಲುಸೀಮೆಯವರು. ಸಣಕಲು ಮೈ, ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಒಂದು ಕೊಡೆ. ಸುತ್ತ ಕಾಫಿ ಗಿಡಗಳ ನಡುವೆ ಇದ್ದುಕೊಂಡು ಕಾಫಿ ಕುಡಿಯುತ್ತಿರಲಿಲ್ಲ, ಉಷ್ಣ ಅಂತೆ! ನಮ್ಮ ಹೆಂಗಸರು ಅದನ್ನೇ ಹೇಳಿಕೊಂಡು ಒಂದು ಮಳೆಗಾಲ ಪೂರ್ತಿ ನಕ್ಕರು.

ಮಳೆಗಾಲದಲ್ಲಿ ಶಾಲೆ ಚೆನ್ನಾಗಿಯೇ ನಡೆಯಿತು. ಹಳೆಯ ಗಾಡಿ ಕೊಟ್ಟಿಗೆಯೇ ಶಾಲೆ. ಒಂದು ಕಪ್ಪು ಹಲಗೆ ಇತ್ತು. ಸ್ಲೇಟುಗಳು ಚಿಕ್ಕಮಗಳೂರಿನಿಂದ ಹೊರಟಿದ್ದವು, ಬಂದದ್ದು ಚೂರು. ದಾರಿಯಲ್ಲಿ ಗಾಡಿಯ ಚಕ್ರ ಕೊರಕಲಿಗೆ ಇಳಿದು ಇಡೀ ಪೆಟ್ಟಿಗೆ ಬಿದ್ದಿತ್ತಂತೆ. ಮೇಷ್ಟ್ರು ಬೇರೆ ಸ್ಲೇಟಿಗೆ ಬರೆದು ಹಾಕಿದರು. ಮಕ್ಕಳು ಬಾಯಲ್ಲಿ ಅಕ್ಷರ ಕಲಿತರು, ಹಲಗೆ ನೋಡಿ ಗುರುತು ಹಿಡಿದರು. ಅಷ್ಟರಲ್ಲಿ ಹಣ್ಣು ಕುಯ್ಯುವ ಕಾಲ ಬಂತು. ನಮ್ಮ ಕಡೆ ಕಾಫಿ ಹಣ್ಣಾದರೆ ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ತಾಯಂದಿರು ತೋಟಕ್ಕೆ, ಅವರ ಹಿಂದೆ ಮಕ್ಕಳು. ಶಾಲೆಯಲ್ಲಿ ಮೇಷ್ಟ್ರು, ಕಪ್ಪು ಹಲಗೆ, ಕೊಡೆ.

ಇನ್ಸ್‌ಪೆಕ್ಟರ್ ಬರುವುದು ಇದೇ ಸುಗ್ಗಿಯಲ್ಲಿ ಎಂದು ಗೊತ್ತಾದ ಮಧ್ಯಾಹ್ನ ಮೇಷ್ಟ್ರು ಕಣಕ್ಕೆ ಬಂದರು. ನಾನು ಪಾರ್ಚ್‌ಮೆಂಟ್ ಹರಡಿಸುತ್ತಿದ್ದೆ. ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ಬೀಜ ಅದು, ಹೊಟ್ಟು ಮಾತ್ರ ಮೇಲಿರುತ್ತದೆ, ನೋಡಲು ಬಿಳುಪು. ಹರಡಿ ಸುಮ್ಮನೆ ಬಿಡುವಂತಿಲ್ಲ. ಆಗಾಗ ಅದರ ನಡುವೆ ಕಾಲೆಳೆದುಕೊಂಡು ನಡೆದು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಮಾಡುತ್ತಿರಬೇಕು. ಅದಕ್ಕೆಂದೇ ಇಬ್ಬರು ಹೆಣ್ಣಾಳುಗಳಿದ್ದರು. ಮೇಷ್ಟ್ರು ಬಹಳ ಹೊತ್ತು ಅವರ ಕಾಲನ್ನೇ ನೋಡುತ್ತಾ ನಿಂತರು. ಬಿಳಿ ಕಾಫಿಯ ನಡುವೆ ಕಾಲು ಹೋದಲ್ಲೆಲ್ಲ ಸೆಗಣಿ ಸಾರಿಸಿದ ಕಪ್ಪು ನೆಲ ಗೆರೆಯಾಗಿ ಕಾಣುತ್ತಿತ್ತು.

"ಈ ಗೆರೆ ನೆಟ್ಟಗೇ ಹೋಗ್ಬೇಕಾ? ಸೊಟ್ಟಗೆ ಹೋದ್ರೆ ಕಾಫಿ ಒಣಗಲ್ವಾ?" ಎಂದರು.

"ಹೆಂಗೆ ಹೋದ್ರೂ ಒಣಗ್ತದೆ ಮೇಷ್ಟ್ರೇ. ಯಾಕೆ?"

"ಹಾಗಾದ್ರೆ 'ಅ' ಥರ ಹೋಗ್ಲಿ."

ನನಗೆ ತಕ್ಷಣ ಲೆಕ್ಕ ಹೊಳೆಯಿತು. ಮಕ್ಕಳು ಕಾಲಲ್ಲಿ ಅಕ್ಷರ ಎಳೆದರೆ ಕಾಫಿ ತಿರುವಿದ ಹಾಗೂ ಆಯಿತು, ಇಬ್ಬರು ಹೆಣ್ಣಾಳು ಕುಯ್ಲಿಗೆ ಸಿಕ್ಕ ಹಾಗೂ ಆಯಿತು. ಎಸ್ಟೇಟಿನ ಸಾಹುಕಾರರಿಗೆ ಇದನ್ನು ಒಪ್ಪಿಸುವುದು ಕಷ್ಟವಿರಲಿಲ್ಲ, ಆದರೆ ಕಷ್ಟ ಎಂದೇ ಮುಖ ಮಾಡಿದೆ. ಸುಲಭದ ಕೆಲಸವನ್ನು ಸುಲಭ ಎಂದು ತೋರಿಸಿದರೆ ನಮಗೆ ಏನೂ ಗಿಟ್ಟುವುದಿಲ್ಲ. "ನಂಗೇನು ಲಾಭ?" ಎಂದು ಕೇಳಿದೆ. ಮೇಷ್ಟ್ರು ನನ್ನನ್ನೇ ತಿರುಗಿ ಕೇಳಿದರು, ನಿನಗೇನು ಬೇಕು ಎಂದು. ನಾನು ಅಲ್ಲಿಯವರೆಗೆ ಎಲ್ಲದಕ್ಕೂ ಹೆಬ್ಬೆಟ್ಟು ಒತ್ತುತ್ತಿದ್ದವನು. ಮಕ್ಕಳ ಜೊತೆ ನನಗೂ ಅಕ್ಷರ ಬರಬೇಕು, ಆದರೆ ಅದು ಯಾರಿಗೂ ಗೊತ್ತಾಗಬಾರದು ಎಂದೆ. ಅದೇ ನನ್ನ ಕಮಿಷನ್.

ಮೇಷ್ಟ್ರು ಕೂಡ ಬಯಲುಸೀಮೆಯ ಗಟ್ಟಿ ಆಸಾಮಿ. ತಮ್ಮ ಕಡೆಯಿಂದ ಷರತ್ತು ಹಾಕಿದರು: ಮಕ್ಕಳು ಬುಟ್ಟಿ ಹೊರಬಾರದು, ಪಾಠ ಮುಗಿದ ಮೇಲೆ ನೆರಳಿಗೆ ಹೋಗಬೇಕು, ಅವರನ್ನು ಬೇರೆ ಕೆಲಸಕ್ಕೆ ಯಾರೂ ಕರೆಯಬಾರದು. ನಾನು ಒಪ್ಪಿದೆ, ಸಾಹುಕಾರರನ್ನೂ ಒಪ್ಪಿಸಿದೆ.

ಮಾರನೆಯ ದಿನದಿಂದ ಕಣದಲ್ಲಿ ಶಾಲೆ. ಆ ದಿನಗಳ ಗಲಾಟೆಯನ್ನು ಹೇಗೆ ಹೇಳಲಿ... ಸಾಲಾಗಿ ಮಕ್ಕಳು, ಬಿಸಿಲಿಗೆ ಬೆಚ್ಚಗಾದ ಕಾಫಿಯಲ್ಲಿ ಹಿಮ್ಮಡಿ ಒತ್ತಿ "ಅ" ಎಂದು ಕೂಗುತ್ತಾ ಕಾಲೆಳೆಯುವುದು, ಒಂದೊಂದು ಅಕ್ಷರ ಒಂದು ಮಾರಗಲ. "ಈ" ಬರೆಯುವಾಗ ಸುತ್ತಿ ಸುತ್ತಿ ಒಬ್ಬರ ಮೇಲೊಬ್ಬರು ಬೀಳುವುದು. ಗಾಡಿ ಕೊಟ್ಟಿಗೆಯಲ್ಲಿ ಯಾರ ಮಗು ಯಾರ ಪಕ್ಕ ಕೂರಬೇಕು ಎಂದು ಮುಖ ಗಂಟಿಕ್ಕುತ್ತಿದ್ದವರಿದ್ದರು. ಕಣದಲ್ಲಿ ಕೂರುವ ಪ್ರಶ್ನೆಯೇ ಇರಲಿಲ್ಲ, ಎಲ್ಲರೂ ನಡೆಯುತ್ತಲೇ ಇದ್ದರು. ಸಾಹುಕಾರರ ಮಗನ "ಕ"ದ ತಲೆಕಟ್ಟು ಆಳಿನ ಮಗನ "ಖ"ದ ಮೇಲೆ ಹೋದರೆ ಹೊಡೆದಾಟ ಅಕ್ಷರಕ್ಕಾಗಿ, ಬೇರೆ ಯಾವುದಕ್ಕೂ ಅಲ್ಲ. ತೋಟದಿಂದ ಹಣ್ಣು ಹೊತ್ತು ತಂದ ತಾಯಂದಿರು ಕಣದ ಕಟ್ಟೆಯ ಮೇಲೆ ನಿಂತು, "ಅದು ನನ್ ಮಗಳು ಬರ್ದಿದ್ದು ಕಣೇ, ದೊಡ್ಡದು!" ಎಂದು ತೋರಿಸುತ್ತಿದ್ದರು. ನಾನು ಕಾಫಿ ಒಣಗಿದೆಯೇ ಎಂದು ಬೀಜ ಕಚ್ಚಿ ನೋಡುವವನ ಹಾಗೆ ಅವರ ಹಿಂದೆ ಹಿಂದೆಯೇ ಹೆಜ್ಜೆ ಎಳೆಯುತ್ತಿದ್ದೆ. ಮೇಷ್ಟ್ರು ಕಣ್ಣಂಚಿನಲ್ಲಿ ನೋಡಿ, "ಮೇಸ್ತ್ರಿ, ಅಲ್ಲಿ ಕಾಫಿ ಸ್ವಲ್ಪ ದುಂಡಗೆ ತಿರುವಪ್ಪಾ" ಎನ್ನುತ್ತಿದ್ದರು. ನನ್ನ ಅಕ್ಷರ ತಿದ್ದುತ್ತಿದ್ದಾರೆ ಎಂದು ನನಗೊಬ್ಬನಿಗೇ ಗೊತ್ತು.

ಇನ್ಸ್‌ಪೆಕ್ಟರ್ ಸಾಹೇಬರು ಕಮಾನು ಗಾಡಿಯಲ್ಲಿ ಬಂದರು. ಪೇಟ, ಕೋಟು, ಪಂಚೆ, ಕಾಲಿಗೆ ಬೂಟು. ಜೊತೆಗೆ ಒಂದು ಕಟ್ಟು ಹೊಸ ಸ್ಲೇಟು! ಮೇಷ್ಟ್ರು ಕೇಳಿದ್ದು ಅಂತೂ ಬಂದಿತ್ತು. ಹುಲ್ಲು ಸುತ್ತಿ ಜೋಪಾನವಾಗಿ ತಂದಿದ್ದರು. ಗಾಡಿ ಕೊಟ್ಟಿಗೆಯಲ್ಲಿ ಮಕ್ಕಳನ್ನು ಕೂರಿಸಿ, ಒಬ್ಬೊಬ್ಬರಿಗೆ ಒಂದೊಂದು ಸ್ಲೇಟು, ಬಳಪ ಕೊಡಿಸಿದರು. ಮಕ್ಕಳು ಸ್ಲೇಟನ್ನು ಮೂಸಿದರು, ಎಂಜಲು ಹಚ್ಚಿ ಒರೆಸಿದರು, ಕೆನ್ನೆಗೆ ಒತ್ತಿ ತಂಪು ನೋಡಿದರು. ಬಾಗಿಲಲ್ಲಿ ನಿಂತಿದ್ದ ನಾನೂ ಒಂದನ್ನು ಎತ್ತಿ ಮೂಸಿದೆ.

"ಬರೀರಿ... ಕಮಲ," ಎಂದರು ಸಾಹೇಬರು.

ಮಕ್ಕಳು ಬಗ್ಗಿದರು. ಹಣ್ಣು ಕುಯ್ಯುವ ಗುಂಪಿನ ಮೇಸ್ತ್ರಿಯ ಮಗಳು ಎಲ್ಲರಿಗಿಂತ ಚುರುಕು. ಅವಳು ಮೊದಲು ಎದ್ದು ನಿಂತಳು. ಸ್ಲೇಟಿನ ತುಂಬ, ಈ ಚೌಕಟ್ಟಿನಿಂದ ಆ ಚೌಕಟ್ಟಿನವರೆಗೆ ಒಂದೇ ಒಂದು "ಕ".

"ಸಾರ್, ಜಾಗ ಮುಗೀತು. ಇನ್ನೊಂದು ಕೊಡಿ."

ಕಾಲಲ್ಲಿ ಮಾರಗಲದ ಅಕ್ಷರ ಎಳೆದು ಕಲಿತ ಮಕ್ಕಳು, ಅಂಗೈಯಗಲದ ಅಕ್ಷರ ಅವರು ಬರೆದೇ ಇರಲಿಲ್ಲ. ಅದು ಮೇಷ್ಟ್ರಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸಾಹೇಬರು ಬೇರೆ ಸ್ಲೇಟು ಕೊಡದಿದ್ದಾಗ ಅವಳೇ ಉಪಾಯ ಮಾಡಿದಳು. ಪಕ್ಕದವನಿಗೆ "ನೀ 'ಮ' ಬರಿಯೋ" ಎಂದಳು, ಅವನ ಪಕ್ಕದವಳಿಗೆ "ನೀ 'ಲ'" ಎಂದಳು. ಮೂವರೂ ಮೂರು ಸ್ಲೇಟು ಜೋಡಿಸಿ ಹಿಡಿದು ನಿಂತರು. ಕಮಲ!

ಸಾಹೇಬರಿಗೆ ನಗು ಬರಲಿಲ್ಲ. "ಏನ್ರೀ ಮೇಷ್ಟ್ರೇ, ನಿಮ್ಮ ಶಾಲೇಲಿ ಒಂದು ಪದಕ್ಕೆ ಮೂರು ಜನ ಬೇಕಾ? ಇದನ್ನ ನೋಡಿ ನಾನು ಶಾಲೆ ಖಾಯಂ ಮಾಡಿ ಅಂತ ಬರೀಲಾ?"

ಮೇಷ್ಟ್ರು ಕೊಡೆಯನ್ನು ಕಂಕುಳಿಂದ ಕೈಗೆ ತೆಗೆದುಕೊಂಡರು. ಅದರ ಹಿಡಿಯನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ ಮೆಲ್ಲಗೆ, "ಸಾರ್, ಮಕ್ಕಳಿಗೆ ಅಕ್ಷರ ಬರುತ್ತೆ. ಈ ಸ್ಲೇಟು ಅವರಿಗೆ ಸಣ್ಣದಾಯ್ತು. ದಯವಿಟ್ಟು ಅವರ ಸ್ಲೇಟಿಗೆ ಬನ್ನಿ" ಎಂದರು.

ಸಾಹೇಬರು ಗೊಣಗುತ್ತಲೇ ಕಣಕ್ಕೆ ಬಂದು ನೇರ ಕಾಫಿಯ ಮೇಲೆ ಕಾಲಿಡಲು ಹೋದರು. "ಸಾರ್, ಬೂಟು! ಹೊಟ್ಟು ಒಡೀತದೆ!" ಎಂದು ನಾನು ಕೂಗಿಬಿಟ್ಟೆ. ಸರ್ಕಾರದ ಕಾಲು ಗಾಳಿಯಲ್ಲೇ ನಿಂತಿತು. ಮೇಷ್ಟ್ರು ಕಣ್ಣು ಮುಚ್ಚಿದರು. ಸಾಹೇಬರು ನನ್ನನ್ನು ನೋಡಿದರು, ಕಾಫಿಯನ್ನು ನೋಡಿದರು, ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿದರು. ಬೆಚ್ಚಗಿನ ಬೀಜದ ಮೇಲೆ ಬರಿಗಾಲು ಇಟ್ಟದ್ದೇ ಅವರ ಮುಖದ ಗಂಟು ಅರ್ಧ ಸಡಿಲವಾಯಿತು. ನಿಮಗೆ ಅನುಭವವಿದ್ದರೆ ಗೊತ್ತು, ಆ ಬಿಸಿ ಅಂಥದು.

ಆದರೆ ಪರೀಕ್ಷೆ ಸಡಿಲ ಮಾಡಲಿಲ್ಲ. ಒಬ್ಬೊಬ್ಬರೇ ಬರೆಯಬೇಕು, ಉಳಿದವರು ಬೆನ್ನು ತಿರುಗಿಸಿ ನಿಲ್ಲಬೇಕು, ಮೇಷ್ಟ್ರು ಬಾಯಿ ಬಿಡಬಾರದು. "ಅಜ್ಜಿ ಬುಟ್ಟಿಯಲ್ಲಿ ಕಿತ್ತಳೆ ತಂದಳು" ಎಂದು ಹೇಳಿದರು. ಬೇಕೆಂದೇ ಒತ್ತಕ್ಷರದ್ದು. ಕುಯ್ಲಿನ ಮೇಸ್ತ್ರಿಯ ಮಗಳು ಲಂಗ ಎತ್ತಿ ಕಟ್ಟಿದಳು. ಕಣದ ಈ ತುದಿಯಿಂದ ಆ ತುದಿಗೆ ಕಾಲೆಳೆದಳು, ಒತ್ತು ಬಂದಲ್ಲಿ ಹಿಂದೆ ಬಂದು ಹೆಬ್ಬೆರಳಲ್ಲಿ ತಿರುವಿದಳು. ಒಂದು ಗೆರೆ ತಪ್ಪಲಿಲ್ಲ. ಅದನ್ನು ಕಾಲಲ್ಲೇ ಅಳಿಸಿ ಇನ್ನೊಬ್ಬ ಬರೆದ, ಅವನದನ್ನು ಅಳಿಸಿ ಮತ್ತೊಬ್ಬಳು. ಕುಯ್ಲು ಬಿಟ್ಟು ಹೆಂಗಸರೆಲ್ಲ ಕಟ್ಟೆಯ ಸುತ್ತ ಸೇರಿದ್ದರು. ಒಬ್ಬ ಹುಡುಗ "ಕಿತಳೆ" ಎಂದು ಬರೆದ. ಸಾಹೇಬರು ತಾವೇ ಒತ್ತು ಹಾಕಿ ತೋರಿಸಲು ಪಂಚೆಯ ನೆರಿಗೆ ಎತ್ತಿಕೊಂಡು ಕಾಲೆಳೆದರು.

"ಸಾರ್, ನೀವು ಕಾಲು ಎತ್ಬಿಟ್ರಿ. ಗೆರೆ ತುಂಡಾಯ್ತು," ಎಂದಳು ಮೇಸ್ತ್ರಿಯ ಮಗಳು.

ಆಗ ನಕ್ಕರು ನೋಡಿ ಸಾಹೇಬರು! ಅವರು ನಕ್ಕ ಮೇಲೆ ಇಡೀ ಕಣ ನಕ್ಕಿತು. ಅದೇ ಹೊತ್ತಿಗೆ ಸಾಹುಕಾರರು ಬಂದು, "ಯಾರೋ ಅದು ನಮ್ ಕಣದಲ್ಲಿ ಪೇಟ ಹಾಕ್ಕೊಂಡು ಕುಣಿಯೋದು?" ಎಂದರು.

"ಸರ್ಕಾರವೇ ಬಂದು ಕಾಫಿ ತಿರುವ್ತಾ ಇದೆ ಸಾವ್ಕಾರ್ರೇ, ನೀವು ಸುಮ್ನಿರಿ," ಎಂದೆ.

ಆ ದಿನದ ಕಾಫಿ ಒಣಗಿದಷ್ಟು ಒಂದೇ ಸಮನಾಗಿ ನನ್ನ ಕಣದಲ್ಲಿ ಇನ್ನಾವ ಕಾಫಿಯೂ ಒಣಗಲಿಲ್ಲ. ಸಾಹೇಬರು ಸ್ಲೇಟುಗಳನ್ನು ಬಿಟ್ಟು, ಇನ್ನು ಮೇಲೆ ಸಣ್ಣಕ್ಷರ ಕಲಿಸಿ ಎಂದು ಹೇಳಿ ಹೋದರು. ಮಳೆ ಹಿಡಿಯುವ ಮೊದಲು ಹುಕುಂ ಬಂತು, ಶಾಲೆ ಖಾಯಂ. ಭೂಪಟ, ಮಣಿಚೌಕಟ್ಟು, ಬೆಂಚು, ಎಲ್ಲ ಮಂಜೂರು. ಸಾಹುಕಾರರು ಊರಿಗೆಲ್ಲ ಪಾಯಸ ಮಾಡಿಸಿದರು. ಮೇಷ್ಟ್ರೂ ಉಂಡರು, ಒಂದು ಲೋಟ ಕಾಫಿಯನ್ನೂ ಕುಡಿದರು.

ಆಮೇಲೆ ತಿಳಿಯಿತು. ಖಾಯಂ ಶಾಲೆಗೆ ಟ್ರೈನಿಂಗ್ ಪಾಸಾದ ಮೇಷ್ಟ್ರೇ ಬೇಕಂತೆ, ಅದು ನಿಯಮ. ನಮ್ಮ ಮೇಷ್ಟ್ರು ಟ್ರೈನಿಂಗ್ ಆದವರಲ್ಲ. ಅವರನ್ನು ಕಡೂರಿನ ಆಚೆ ಇನ್ನೊಂದು ಹೊಸ ಶಾಲೆಗೆ ಹಾಕಿದ್ದರು, ಅದೂ ಕರೆದು ನೋಡುವ ಎಮ್ಮೆಯೇ. ರಸ್ತೆಯಲ್ಲಿ ಗಾಡಿ ಕಾಯುವಾಗ ಅವರ ಟ್ರಂಕು ನನ್ನ ಹೆಗಲ ಮೇಲಿತ್ತು.

"ಶಾಲೆ ಖಾಯಂ ಆದ್ರೆ ನೀವು ಹೋಗ್ಬೇಕು ಅಂತ ನಿಮ್ಗೆ ಮೊದ್ಲೇ ಗೊತ್ತಿತ್ತಾ ಮೇಷ್ಟ್ರೇ?"

"ಗೊತ್ತಿತ್ತು ಮಾರಾಯ." ಅವರ ಬಾಯಲ್ಲಿ ನಮ್ಮ ಕಡೆಯ ಈ ಮಾತು ಕೇಳಿದ್ದು ಅದೇ ಮೊದಲು.

"ಮತ್ತೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಸಾಹೇಬ್ರ ಹತ್ರ ಚೌಕಾಸಿಗೆ ನಿಲ್ತಿದ್ದೆ. ನಿನ್ನ ಚೌಕಾಸಿಯಲ್ಲಿ ನಾನು ಉಳ್ಕೊಂಡು ಶಾಲೆ ಹೋಗ್ಬಿಟ್ಟಿದ್ರೆ?"

ಗಾಡಿ ಬಂತು... ಕಾಫಿ ಗಿಡಗಳ ತಿರುವಿನಲ್ಲಿ ಕೊಡೆಯ ತುದಿ ಸ್ವಲ್ಪ ಹೊತ್ತು ಕಂಡಿತು.

ಅಕ್ಷರ ಬಂದ ಮೇಲೆ ನಾನು ಕಣ ಬಿಟ್ಟು ಕಳಸ, ಕೊಟ್ಟಿಗೆಹಾರಗಳಲ್ಲಿ ಮೆಣಸು, ಕಾಫಿ ವ್ಯಾಪಾರ ಹಿಡಿದೆ, ಮನೆ ಕಟ್ಟಿದೆ. ಕಡೂರಿನ ಕಡೆ ಹೋದಾಗಲೆಲ್ಲ ಅವರನ್ನು ವಿಚಾರಿಸುತ್ತಿದ್ದೆ. ಅಲ್ಲಿಂದಲೂ ಮುಂದೆ ಹೋದರು ಎಂದರು, ಆಮೇಲೆ ಅದಕ್ಕೂ ಮುಂದೆ. ಒಮ್ಮೆ ಬೀರೂರಿನ ಸಂತೆಯಲ್ಲಿ ಒಬ್ಬರು, "ಅವರು ತೀರಿಹೋಗಿ ಬಹಳ ಕಾಲವಾಯಿತಲ್ಲ" ಎಂದರು. ಮೂಟೆ ಇಳಿಸುವ ಆಳನ್ನು ಕರೆದು, ಇವತ್ತು ವ್ಯಾಪಾರ ಬೇಡ ಎಂದೆ. ನಮ್ಮೂರ ಶಾಲೆ ಈಗಲೂ ನಡೆಯುತ್ತಿದೆ, ಗೋಡೆಯ ಮೇಲೆ ಮೇಷ್ಟ್ರುಗಳ ಹೆಸರು ಸಾಲಾಗಿ ಬರೆದಿದ್ದಾರೆ. ಆ ಸಾಲು ಟ್ರೈನಿಂಗ್ ಆದವರಿಂದ ಶುರುವಾಗುತ್ತದೆ.

ಓದುವ ನಿಮಗೆ ನನ್ನದೊಂದು ಮಾತು. ವ್ಯಾಪಾರಕ್ಕೆ ನಿಂತಾಗ ಎದುರಿನವನ ಕೈಯಲ್ಲಿ ಏನಿದೆ ಎಂದು ಎಲ್ಲರೂ ನೋಡುತ್ತಾರೆ. ನಮ್ಮ ಪಕ್ಕದಲ್ಲಿ ನಿಂತವನು ಏನನ್ನು ಬಿಟ್ಟುಕೊಡುತ್ತಿದ್ದಾನೆ ಎಂಬುದನ್ನೂ ನೋಡಿ, ಅದನ್ನು ಅವನು ತಾನಾಗಿ ಹೇಳುವುದಿಲ್ಲ. ನಿಮ್ಮೂರಿಗೆ ಒಳ್ಳೆಯ ಮೇಷ್ಟ್ರು ಬಂದಿದ್ದರೆ, ಅವರ ನೇಮಕ ಎಲ್ಲಿಯವರೆಗೆ, ಇಲ್ಲೇ ಉಳಿಯಲು ಯಾವ ಪರೀಕ್ಷೆ ಕಟ್ಟಬೇಕು ಎಂದು ಈ ವಾರವೇ ಹೋಗಿ ಕೇಳಿ. ಪರೀಕ್ಷೆ ಬಾಕಿ ಇದ್ದರೆ ಊರವರೆಲ್ಲ ಸೇರಿ ಅವರನ್ನು ಓದಲು ಕಳಿಸಿ, ಅಷ್ಟು ದಿನ ಅವರ ಮನೆಗೆ ಸೌದೆ, ಅಕ್ಕಿ ಹಾಕಿ. ಅರ್ಜಿ ಬರೆಯಬೇಕಾದರೆ ನನ್ನ ಹತ್ತಿರ ಬನ್ನಿ, ನನಗೆ ಈಗ ಸಣ್ಣಕ್ಷರವೂ ಬರುತ್ತದೆ.